ಬೀಗಮೀಮಾಂಸೆ: ಗುರ್ಜರಕಾಂಡ

ಕದಿಯುವುದಕ್ಕೆ ಶಾಸ್ತ್ರವುಂಟು, ಕಾಯುವುದಕ್ಕಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ವಿದ್ಯಾವಂತ ಕಳ್ಳ ಕನ್ನ ಕೊರೆಯುವ ಮೊದಲು ಗುರುಗಳಿಗೆ ನಮಸ್ಕರಿಸುತ್ತಾನೆ. ಏಳು ಆಕಾರದ ಕನ್ನಗಳಲ್ಲಿ ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಒಪ್ಪುತ್ತದೆಂದು ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ಒಳಹೊಕ್ಕ ಮೇಲೆ, ದೀಪ ಆರಿಸಲೆಂದೇ ತಂದಿದ್ದ ಹುಳವನ್ನು ಹಾರಿಬಿಡುತ್ತಾನೆ. ಎದುರುಪಕ್ಷದಲ್ಲಿ ಅಂಗಡಿ ಕಾಯಬೇಕಾದ ಶೆಟ್ಟರ ಕೈಯಲ್ಲಿರುವುದೋ, ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಒಂದೇ ಒಂದು ಗಾದೆ. ಈ ಕೊರತೆ ತುಂಬಲು ಹೊರಟ ಪ್ರಬಂಧಕಾರನು ಅಹಮದಾಬಾದ್, ವಡೋದರಾ, ಸೂರತ್‌ಗಳನ್ನು ಕ್ಷೇತ್ರವಾಗಿ ಆರಿಸಿಕೊಂಡಿದ್ದಾನೆ. ಶೆಟ್ಟಿ ಬಿಟ್ಟಲ್ಲೇ ಪಟ್ಟಣವೆನ್ನುವುದಾದರೆ, ಅಲ್ಲಿ ಶೆಟ್ಟಿ ಮೂಟೆ ಇಳಿಸಿ ಎಷ್ಟೋ ತಲೆಮಾರು ಕಳೆಯಿತು.

ಮೊದಲನೆಯ ಪ್ರಮಾಣ ದೀಪ. ಅಹಮದಾಬಾದಿನ ಐತಿಹ್ಯದಂತೆ, ಒಂದು ರಾತ್ರಿ ಲಕ್ಷ್ಮಿ ಊರು ಬಿಟ್ಟು ಹೊರಟಳು. ಕಾವಲಿನಲ್ಲಿದ್ದ ಕೋತ್ವಾಲ ಖ್ವಾಜಾ ಸಿದ್ದಿಕ್, ಸುಲ್ತಾನ ಅಹಮದ್ ಶಾಹನ ಅಪ್ಪಣೆ ತರುವ ತನಕ ನಿಲ್ಲಬೇಕೆಂದು ಮಾತು ತೆಗೆದುಕೊಂಡ. ಹೋದವನು ತನ್ನ ತಲೆಯನ್ನೇ ಕೊಟ್ಟ, ಮರಳಲೇ ಇಲ್ಲ. ಮಾತಿಗೆ ಕಟ್ಟುಬಿದ್ದ ದೇವಿ ಇನ್ನೂ ನಿಂತಿದ್ದಾಳೆ. ಅವಳ ಹೆಸರಿನಲ್ಲಿ ತೀನ್ ದರವಾಜಾ ಎಂಬ ಹೆಬ್ಬಾಗಿಲಿನ ಗೂಡಿನಲ್ಲಿ ಉರಿಯುವ ದೀಪಕ್ಕೆ ಎಣ್ಣೆ ಹಾಕುತ್ತ ಬಂದಿರುವುದು ಒಂದು ಮುಸ್ಲಿಂ ಮನೆತನ. ಹುಳಕ್ಕೆ ಆರುವ ದೀಪವಲ್ಲ ಅದು. ರಾತ್ರಿ ಶಟರಿನ ಹಿಂದೆ ಬಿಟ್ಟುಹೋಗುವ ಒಂದು ಎಲ್‌ಇಡಿ ಬಲ್ಬು ಇದರದೇ ಅಪಭ್ರಂಶವೆಂಬುದು ಪ್ರಬಂಧಕಾರನ ಮತ. ಕರೆಂಟು ಬಿಲ್ಲು ಕಟ್ಟುವವರ ಮತ ಬೇರೆಯಿರಬಹುದು.

ಎರಡನೆಯ ಪ್ರಮಾಣ ದೋಸೆ. ಇದನ್ನು ಸ್ವಲ್ಪ ವಿಸ್ತರಿಸಬೇಕು. ಅದೇ ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ಬೆಳಿಗ್ಗೆ ದನಕ್ಕೆ ಹುಲ್ಲು, ಹಗಲಿಗೆ ಚಿನ್ನ ಬೆಳ್ಳಿ, ಇರುಳಿಗೆ ತಿಂಡಿ. ಅಕ್ಕಸಾಲಿಗರು ಶಟರ್ ಎಳೆದು, ಎರಡು ಕಡೆ ಬೀಗ ಜಡಿದು, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಜಗ್ಗಿ ಮನೆಗೆ ಹೋಗುತ್ತಾರೆ. ಅದೇ ಶಟರಿನೆದುರು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಬೀಳುತ್ತವೆ, ಹೆಂಚು ಕಾಯುತ್ತದೆ, ಬೆಣ್ಣೆ ಚುಂಯ್ ಎನ್ನುತ್ತದೆ. ನಡುರಾತ್ರಿ ದಾಟಿದರೂ ಸಂಸಾರ ಸಮೇತ ಜನ. ಬೀಗ ಒಡೆಯಬೇಕೆಂದವನು ಮೊದಲು ಪಾವ್‌ಭಾಜಿ ತಿನ್ನುತ್ತಿರುವ ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಬೇಕು. ಆ ಪರಾಕ್ರಮಕ್ಕೆ ಶರ್ವಿಲಕನ ಶಾಸ್ತ್ರದಲ್ಲೂ ಅಧ್ಯಾಯವಿಲ್ಲ. ‘ರಸ್ತೆಯ ಮೇಲಿನ ಕಣ್ಣು’ ಎಂಬ ತತ್ತ್ವವನ್ನು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಪುಸ್ತಕ ಮಾಡಿ ಹೆಸರು ಪಡೆದರು. ಇಲ್ಲಿ ಅದನ್ನೇ ಪ್ಲೇಟಿಗಿಷ್ಟು ಎಂದು ಮಾರುತ್ತಾರೆ. ಕನ್ನಡಿಗ ಸಂಶೋಧಕನಿಗೆ ಒಂದೇ ಸಂಕಟ. ಇಲ್ಲಿನ ಪ್ರಸಿದ್ಧ ದೋಸೆಯ ಹೆಸರು ಗ್ವಾಲಿಯರ್ ದೋಸೆ, ಇನ್ನೊಂದರದು ಘೋಟಾಲಾ ದೋಸೆ, ಅಂದರೆ ಹಗರಣದ ದೋಸೆ. ಚಿನ್ನವೇನೋ ಉಳಿಯಿತು, ಉಡುಪಿಯಿಂದ ಹೋದದ್ದರ ಬಗ್ಗೆ ದೂರು ಕೊಡಲು ಠಾಣೆ ಯಾವುದು?

ಹಳೆಯ ಊರಿನ ಪೋಳ್‌ಗಳು, ಅಂದರೆ ಒಂದೇ ಹೆಬ್ಬಾಗಿಲಿನ ಕೇರಿಗಳು, ರಸ್ತೆಯ ಮೇಲೆ ಕಣ್ಣಿಡುವ ಈ ವಿದ್ಯೆಯಲ್ಲಿ ಹಿರಿಯವು. ಮನೆಯೆದುರಿನ ಜಗಲಿಗೆ ಅಲ್ಲಿ ಓಟ್ಲೊ ಎಂದು ಹೆಸರು. ಅದರ ಮೇಲೆ ಕುಳಿತ ಮುದುಕರು ಹೊಸ ಮುಖ ಕಂಡರೆ ‘ಕೋನು ಕಾಮ್ ಛೇ?’ ಎನ್ನುತ್ತಾರೆ. ಯಾರು ಬೇಕಾಗಿತ್ತು ಎಂದಷ್ಟೇ ಅರ್ಥ. ಸರಿಯಾದ ಉತ್ತರವಿಲ್ಲದವನಿಗೆ ಅದಕ್ಕಿಂತ ಗಟ್ಟಿ ಚಿಲಕವಿಲ್ಲ.

ವಡೋದರಾಕಾಂಡ ಚಿಕ್ಕದು. ಮಹಾರಾಜ ಸಯಾಜಿರಾವ್ ಗಾಯಕವಾಡರು 1908ರಲ್ಲಿ ಬ್ಯಾಂಕ್ ಆಫ್ ಬರೋಡಾ ಸ್ಥಾಪಿಸಿದ ಊರಿಗೆ ಗಲ್ಲಾಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ದಿನದ ಹಣ ಅಲ್ಲಿಗೆ ಹೋಗಲಿ, ಪೆಟ್ಟಿಗೆ ಬಾಯಿ ತೆರೆದುಕೊಂಡೇ ಮಲಗಲಿ. ಗಾಜಿನಾಚೆಯಿಂದ ಇಣುಕಿದವನಿಗೆ ಖಾಲಿ ಗಲ್ಲಾ ಕಂಡರೆ ಗಾಜಾದರೂ ಉಳಿದೀತು.

ಸೂರತ್ತಿನಲ್ಲಿ ಮಾತ್ರ ಶಾಸ್ತ್ರ ತಲೆಕೆಳಗಾಗುತ್ತದೆ. ಮಹಿಧರಪುರದ ಹೀರಾ ಬಜಾರಿನಲ್ಲಿ ದಲಾಲಿಗಳು ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆಯೇ ಕಾಗದದ ಪೊಟ್ಟಣ ಬಿಚ್ಚುತ್ತಾರೆ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ, ಬೆಳಕಿಗೆ ಹಿಡಿದ ವಜ್ರ. ಊರಿಂದೂರಿಗೆ ಮಾಲು ಒಯ್ಯುವವರು ಆಂಗಡಿಯಾಗಳು. ಅವರ ಬಂಡವಾಳವೇ ನಂಬಿಕೆ. ಕದ್ದವನ ಕಷ್ಟ ಕದ್ದ ಮೇಲೆ ಶುರು, ಏಕೆಂದರೆ ಎಲ್ಲರೂ ಎಲ್ಲರನ್ನೂ ಬಲ್ಲ ಬೀದಿಯಲ್ಲಿ ಅಪರಿಚಿತ ಪೊಟ್ಟಣ ಬಿಚ್ಚಿದರೆ ವಜ್ರಕ್ಕಿಂತ ಮುಂಚೆ ಅವನ ಮುಖ ನೋಡುತ್ತಾರೆ. 2023ರ ಡಿಸೆಂಬರ್ 17ರಂದು 4,500ಕ್ಕೂ ಹೆಚ್ಚು ಕಚೇರಿಗಳ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆಯಾಯಿತು. ಆದರೂ ಹಲವು ವ್ಯಾಪಾರಿಗಳು ಹಳೆಯ ಗಲ್ಲಿ ಬಿಟ್ಟು ಕದಲಲು ಮೀನಮೇಷ ಎಣಿಸಿದರು.

ಸರ್ಕಾರವೂ ಭಾಷ್ಯ ಬರೆದಿದೆ. ಗುಜರಾತಿನ 2022ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ವಾಣಿಜ್ಯ ಸ್ಥಳಗಳಿಗೆ ಸಿಸಿಟಿವಿ ಕಡ್ಡಾಯ ಮಾಡಿ, ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕೆಂದಿತು. ಕ್ಯಾಮೆರಾದ ಕೆಳಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುವ ಪದ್ಧತಿಗೆ ಕಾಯ್ದೆಯ ಅಡ್ಡಿಯೇನಿಲ್ಲ. ಕಳ್ಳನ ಕಣ್ಣು ಒಂದಕ್ಕೆ, ಕೆಟ್ಟ ಕಣ್ಣು ಇನ್ನೊಂದಕ್ಕೆ.

ಒಂದು ತೊಡಕು ಮಾತ್ರ ಬಗೆಹರಿದಿಲ್ಲ. ಚಿನ್ನದ ಓಣಿಗಳಲ್ಲಿ ನಸುಕಿಗೇ ಪೊರಕೆ ಹಿಡಿದು ಬರುವ ಧೂಳ್‌ಧೋಯಾಗಳು, ಅಂದರೆ ನಮ್ಮ ಹಳೆಯ ಜಲಗಾರರು, ಅಂಗಡಿ ಮುಂದಿನ ಧೂಳನ್ನು ಬಳಿದು, ಬಾಣಲೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಾರೆ. ಬೀಗ ಮುಟ್ಟುವುದಿಲ್ಲ, ದೀಪ ಆರಿಸುವುದಿಲ್ಲ. ಎಲ್ಲರ ಕಣ್ಣೆದುರೇ ಬಂಗಾರ ಬೀದಿ ದಾಟುತ್ತದೆ. ಅವರನ್ನು ಯಾವ ಅಧ್ಯಾಯಕ್ಕೆ ಸೇರಿಸುವುದೆಂದು ಪ್ರಬಂಧಕಾರನು ಯೋಚಿಸುತ್ತ ನಿಂತಿದ್ದಾಗ, ಪೊರಕೆಯವಳು ಅವನ ಚಪ್ಪಲಿಯ ಕೆಳಗಿನ ಧೂಳೂ ತನ್ನ ಲೆಕ್ಕದ್ದೇ ಎಂದು ಕಾಲೆತ್ತಲು ಹೇಳಿದಳು.