ಪ್ರೋಗ್ರಾಮಣ್ಣನ ತೆಪ್ಪ

ತೆಪ್ಪ ತೇಲಿಸುವಂಥ ಹೊಳೆ ಬಸರಾಳಿಗಿಲ್ಲ. ಮಂಡ್ಯ ತಾಲ್ಲೂಕಿನ ಈ ಹೋಬಳಿ ಊರಿನಲ್ಲಿ ಪರಸ್ಥಳದವರಿಗೆ ತೋರಿಸುವಂಥದ್ದು ಎರಡು. ಒಂದು, ಹರಿಹರ ದಣ್ಣಾಯಕ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಸ್ಥಾನ. ಇನ್ನೊಂದು, ನಮ್ಮ ಪ್ರೋಗ್ರಾಮಣ್ಣ. ದೇವಸ್ಥಾನವನ್ನು ಹುಡುಕಿಕೊಂಡು ನಾವು ಹೋಗಬೇಕು. ಪ್ರೋಗ್ರಾಮಣ್ಣನ ವಿಷಯದಲ್ಲಿ ಆ ತೊಂದರೆಯಿಲ್ಲ, ಟೀ ಅಂಗಡಿ ಬೆಂಚಿನ ಮೇಲೆ ಕೂತರೆ ತಾನೇ ಬಂದು ಪಕ್ಕದಲ್ಲಿ ಕೂರುತ್ತಾನೆ. ಕೂತು, ಸುತ್ತ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ, "ಮಗಾ, ಈ ಸಲ ಪ್ರೋಗ್ರಾಂ ಪಕ್ಕಾ ಕನ್ಲಾ" ಅನ್ನುತ್ತಾನೆ.

ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ, ಹೊರಗೆ ಬಳಕೆಯಲ್ಲಿಲ್ಲ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಕೆಲವರು ಗೋವಾಕ್ಕೆ ಪ್ರೋಗ್ರಾಂ ಹಾಕುತ್ತಾರೆ, ಕೆಲವರು ಕಾಶಿಗೆ. ನಮ್ಮವನ ಹುಚ್ಚು ಕಾವೇರಿ. ಅದೂ ಜನ ಸೇರುವ ಕಾವೇರಿಯಲ್ಲ. ಶಿವನಸಮುದ್ರದಲ್ಲಿ ಧುಮುಕಿ, ಮಳವಳ್ಳಿ ತಾಲ್ಲೂಕಿನ ಅಂಚಿನ ಕಾಡಿಗಿಳಿದು, ಭೀಮೇಶ್ವರಿ, ಮುತ್ತತ್ತಿ ದಾಟಿ ಗಾಳಿಬೋರೆ ಕಡೆ ಹೋಗುವ ಕಾವೇರಿ. ಬೆಳಿಗ್ಗೆ ತೆಪ್ಪ ಹತ್ತಬೇಕು, ಹುಟ್ಟು ಹಾಕದೆ ಸುಮ್ಮನೆ ತೇಲಬೇಕು, ಮಡು ಸಿಕ್ಕಲ್ಲಿ ಗಾಳ ಇಳಿಬಿಡಬೇಕು, ಮಧ್ಯಾಹ್ನ ಮರಳ ಮೇಲೆ ಒಲೆ ಹೂಡಬೇಕು. "ಒಂದು ನರಪಿಳ್ಳೆ ಇರ್ಕೂಡ್ದು" ಎನ್ನುವುದು ಮೊದಲನೇ ಷರತ್ತು. ಇದನ್ನು ಅವನು ಒಂದಿಪ್ಪತ್ತು ಜನರಿಗೆ ಹೇಳಿ, ಇಪ್ಪತ್ತು ಜನರನ್ನೂ ಕರೆದಿದ್ದಾನೆ.

ಜಿಲ್ಲೆಯ ಜನ ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ಮಿಕ್ಕವರು ಗದ್ದೆಗಾಗಿ ನೋಡಿದರೆ ಪ್ರೋಗ್ರಾಮಣ್ಣ ತೆಪ್ಪಕ್ಕಾಗಿ ನೋಡುತ್ತಾನೆ. ಮಟ್ಟ 124.80 ಅಡಿಗೆ ಮುಟ್ಟಿ ಗೇಟು ಎತ್ತಿದರೆ, "ಅಯ್ಯೋ, ಈಗ ಇಳಿದ್ರೆ ಸೀದಾ ಮೆಟ್ಟೂರು" ಎಂದು ಪ್ರೋಗ್ರಾಂ ಮುಂದಕ್ಕೆ. ಮಟ್ಟ ಇಳಿದರೆ, "ಬಂಡೆ ಮೇಲೆ ತೆಪ್ಪ ಹೊತ್ಕೊಂಡು ಹೋಗ್ಬೇಕಾಯ್ತದೆ" ಎಂದು ಮತ್ತೆ ಮುಂದಕ್ಕೆ. ಸಾಲದೆಂದು ಕಬಿನಿಯ ಲೆಕ್ಕ ಬೇರೆ. ತಿರುಮಕೂಡಲಿನಲ್ಲಿ ಅದೂ ಬಂದು ಸೇರುತ್ತದಲ್ಲ! ಎರಡೂ ಕಟ್ಟೆಯ ಹೊರಹರಿವನ್ನು ಬೀಡಿ ಕಟ್ಟಿನ ಹಿಂದೆ ಬರೆದು ಕೂಡಿಸಿ, ಆ ನೀರು ಮುತ್ತತ್ತಿಗೆ ಎಷ್ಟು ಹೊತ್ತಿಗೆ ಬಂದೀತೆಂದು ಕಣ್ಣು ಮುಚ್ಚಿ ಯೋಚಿಸುತ್ತಾನೆ. ಅಷ್ಟರಲ್ಲಿ ಅಂಗಡಿಯವನು ಟೀ ದುಡ್ಡು ಕೇಳಿದರೆ ಲೆಕ್ಕ ತಪ್ಪಿತೆಂದು ಅವನ ಮೇಲೇ ರೇಗುತ್ತಾನೆ.

ನೀರು ಸರಿಯಿದ್ದಾಗ ದಿನ ಸರಿಯಿರುವುದಿಲ್ಲ. ಸೋಮವಾರ ಇಬ್ಬರು ತಿನ್ನಲ್ಲ, ಶನಿವಾರ ಐದು ಜನ ತಿನ್ನಲ್ಲ. ಶ್ರಾವಣದಲ್ಲಿ ಯಾರೂ ತಿನ್ನಲ್ಲ, ಪಿತೃಪಕ್ಷದಲ್ಲಿ ಎಲ್ಲರ ಮನೆಯಲ್ಲೂ ಎಡೆ. ಕಾರ್ತಿಕ ಬಂದರೆ ಮಾಲೆ ಹಾಕಿದವರ ಸಾಲು. ಕಬ್ಬಿನವನಿಗೆ ಕಡಿಯುವ ಆರ್ಡರು ಯಾವಾಗ ಬರುವುದೋ ಗೊತ್ತಿಲ್ಲ, ಹಸು ಕಟ್ಟಿದವನು ಸಂಜೆ ಡೈರಿಗೆ ಹಾಲು ಹಾಕಲು ವಾಪಸ್ ಇರಲೇಬೇಕು. ಉಳಿದದ್ದು ಭಾನುವಾರ. ಅವತ್ತು ಅರ್ಧ ಮಂಡ್ಯ ಜಿಲ್ಲೆ ಮುತ್ತತ್ತಿರಾಯನಿಗೆ ಹರಕೆಯೆಂದು ಟೆಂಪೋ ಕಟ್ಟಿಕೊಂಡು ಅಲ್ಲೇ ಇರುತ್ತದೆ.

ಆದರೂ ತಯಾರಿ ನಿಂತಿಲ್ಲ. ಆನ್‌ಲೈನಿನಲ್ಲಿ ಒಂದು ಗಾಳದ ಕೋಲು ತರಿಸಿದ್ದಾನೆ, ರೀಲು ಸಮೇತ. ಸದ್ಯಕ್ಕೆ ಅದರ ತುದಿಗೆ ಕುಡುಗೋಲು ಕಟ್ಟಿ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನುಗ್ಗೇಕಾಯಿ ಕೀಳುತ್ತಾರೆ. ಎರೆಹುಳು ಇವನಿಗೆ ಲೆಕ್ಕಕ್ಕಿಲ್ಲ. ಇವನ ಕಣ್ಣಿರುವುದು ಕಾವೇರಿಯ ರಾಜ ಬಿಳಿಮೀನಿನ ಮೇಲೆ, ಇಂಗ್ಲಿಷಿನವರು ಮಹಸೀರ್ ಎನ್ನುತ್ತಾರಲ್ಲ, ಅದು. ಆ ಮೀನಿಗೆ ರಾಗಿ ಹಿಟ್ಟಿನ ಉಂಡೆಯೆಂದರೆ ಪ್ರಾಣ. ಇದು ತಮಾಷೆಯ ಮಾತಲ್ಲ, ಹೊಳೆಯಲ್ಲಿ ದೊಡ್ಡ ಮೀನು ಹಿಡಿದ ಬಹಳ ಜನ ಗಾಳಕ್ಕೆ ಕಟ್ಟಿದ್ದು ರಾಗಿಯನ್ನೇ. "ಮುದ್ದೆ ತಿನ್ನೋ ಮೀನು ಅಂದ್ಮೇಲೆ ಅದು ನಮ್ಮ್ ಕಡೇದೇ ಕನ್ಲಾ" ಎಂದು ಹೇಳುವಾಗ ಪ್ರೋಗ್ರಾಮಣ್ಣನ ಎದೆ ಒಂದು ಗೇಣು ಅಗಲವಾಗುತ್ತದೆ.

ಒಂದು ಸಂಜೆ ನಮ್ಮೆದುರೇ ಉಂಡೆ ಕಟ್ಟಿ ತೋರಿಸಿದ. ಹಿಟ್ಟು ಬೇಯಿಸಿ ಗಟ್ಟಿಯಾಗಿ ನಾದಬೇಕು, ಇಲ್ಲದಿದ್ದರೆ ಸೆಳೆತಕ್ಕೆ ಕರಗಿಹೋಗುತ್ತದೆ. ಅಂಗೈಯಲ್ಲಿ ಹೊರಳಿಸಿ ನಿಂಬೆಹಣ್ಣಿನ ಗಾತ್ರ ಮಾಡಿ, ಕೊಕ್ಕೆಯ ಮೊನೆ ಕಾಣದಂತೆ ಒಳಗೆ ಹುದುಗಿಸಿ, ಬೆರಳು ಒದ್ದೆ ಮಾಡಿಕೊಂಡು ಮೇಲೆ ನುಣುಪು ಕೊಟ್ಟ. ಕೈಚಳಕ ಮೆಚ್ಚಲೇಬೇಕು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಇದೇ ಕೈಲಿ ಮನೇಲಿ ಒಂದಿನ ಮುದ್ದೆ ತಿರುವಿದ್ರೆ ನನ್ ತೋಳ್ನೋವಾದ್ರೂ ಹೋಗ್ತಿತ್ತು" ಎಂದರು. ಉಂಡೆ ಬೆಳಿಗ್ಗೆ ಕೋಳಿಗಳಿಗೆ ಸಂದಿತು.

ಬಿಳಿಮೀನಿನ ಚರಿತ್ರೆ ಅವನಿಗೆ ಬಾಯಿಪಾಠ. ಸತ್ತ ಹುಲಿ ಚಿರತೆಗಳನ್ನು ಬದುಕಿದ್ದಂತೆಯೇ ನಿಲ್ಲಿಸುತ್ತಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ ಮೀನು ಎಳೆದರು. ನಮ್ಮ ಲೆಕ್ಕದಲ್ಲಿ 54 ಕೆ.ಜಿ. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರ ಗಾಳದವರಿಂದ ತುಂಬಿರುತ್ತಿದ್ದ ಕಾಲದಲ್ಲಿ ದೇಶವಿದೇಶದವರು ಬಂದು, ಮೀನು ಹಿಡಿದು, ತೂಗಿ, ಅಪ್ಪಿಕೊಂಡು ಫೋಟೊ ತೆಗೆಸಿ, ವಾಪಸ್ ಹೊಳೆಗೆ ಬಿಡುತ್ತಿದ್ದರು. ಕತೆ ಇಲ್ಲಿಗೆ ಬಂದಾಗ ಟೀ ಅಂಗಡಿಯ ಸಭೆಯಲ್ಲಿ ಪ್ರತಿ ಸಲವೂ ಗದ್ದಲ.

"ಬಿಟ್ಬುಡ್ತಿದ್ರಾ? ಅಷ್ಟ್ ದೊಡ್ ಮೀನ್ನ?"

"ಹೂಂ ಕನ್ಲಾ. ಅದು ರೂಲ್ಸು."

"ಮತ್ತೆ ಸಾರ್ಗೆ ಏನಣ್ಣ ಮಾಡ್ತಿದ್ರು?"

ಪ್ರೋಗ್ರಾಮಣ್ಣನ ಬಳಿ ಈ ಪ್ರಶ್ನೆಗೆ ಉತ್ತರವಿಲ್ಲ. ಅದಕ್ಕೇ ಮಸಾಲೆ ಪಟ್ಟಿಯ ಕೆಳಗೆ "ಕೋಳಿ, ನಾಲ್ಕು ಕೆ.ಜಿ." ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾನೆ.

ಗೂನು ಬೆನ್ನಿನ ಈ ಬಿಳಿಮೀನನ್ನು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಪ್ರೋಗ್ರಾಮಣ್ಣ ಫೋನಿನಲ್ಲಿ ಯಾರಿಗೋ "ರೆಮಾದೇವಿ ಸಿಕ್ಕಿದ್ರೆ ಬಿಡಲ್ಲ, ಮುತ್ತತ್ತಿ ಕಾಡಲ್ಲಿ ಅವ್ಳೆ" ಎಂದದ್ದು ಅತ್ತಿಗೆಯ ಕಿವಿಗೆ ಬಿದ್ದು, ಆ ವಾರವೆಲ್ಲ ಅವನ ಊಟ ಟೀ ಅಂಗಡಿಯ ಬನ್ನಿನಲ್ಲೇ ಮುಗಿಯಿತು.

ಕಡೆಯ ತೊಡಕು ಕಾನೂನಿನದು. ಆ ಭಾಗದ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಇಷ್ಟ ಬಂದಲ್ಲಿ ತೆಪ್ಪ ಇಳಿಸಿ ಗಾಳ ಹಾಕಿದರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಒಂದು ವೇಳೆ ಇಲಾಖೆ ಕಣ್ಣು ಮುಚ್ಚಿದರೂ ಮೊಸಳೆ ಮುಚ್ಚುವುದಿಲ್ಲ. ಅದೂ ಅಲ್ಲದೆ ಮುತ್ತತ್ತಿಯ ಸುಳಿ. ಸೀತಮ್ಮನವರ ಮೂಗುತಿಯ ಮುತ್ತು ನೀರಿಗೆ ಬಿತ್ತು, ಆಂಜನೇಯ ಬಾಲದಿಂದ ಹೊಳೆ ಕಲಕಿ ಎತ್ತಿಕೊಟ್ಟ ಎಂಬುದು ಸ್ಥಳದ ಕತೆ. ಕಲಕಿದ್ದು ಇನ್ನೂ ತಿಳಿಯಾಗಿಲ್ಲ, ಈಜು ಬರುತ್ತದೆಂದು ಇಳಿದವರನ್ನು ಈಗಲೂ ಎಳೆದುಕೊಳ್ಳುತ್ತದೆ. ಇದೆಲ್ಲ ಹೇಳಿದರೆ ಬೇರೆಯವರಾದರೆ ಕೈಬಿಟ್ಟಾರು. ಪ್ರೋಗ್ರಾಮಣ್ಣನ ಮುಖದಲ್ಲಿ ಮಾತ್ರ ಕಳೆ ಏರುತ್ತದೆ. ಪರ್ಮಿಶನ್ ಲೆಟರ್ ಯಾರಿಗೆ ಬರೆಯಬೇಕು, ಮೂಲಕ ಯಾರು, ಲೈಫ್ ಜಾಕೆಟ್ಟು ಮದ್ದೂರಲ್ಲಿ ಸಿಕ್ಕುತ್ತದೋ ಮೈಸೂರಿಗೇ ಹೋಗಬೇಕೋ, ಇನ್ನೊಂದು ಮೀಟಿಂಗಿಗೆ ಸರಕಾಯಿತಲ್ಲ!

ಈ ನಡುವೆ ಊರಿನ ನಾಲ್ಕು ಹುಡುಗರು ಒಂದು ಬುಧವಾರ ಬೆಳಿಗ್ಗೆ ಯಾರಿಗೂ ಹೇಳದೆ ಎರಡು ಬೈಕಿನಲ್ಲಿ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದರು. ತೆಪ್ಪದಲ್ಲಿ ಒಂದು ಸುತ್ತು ತಿರುಗಿದರು, ವಾಪಸ್ ಬರುತ್ತಾ ಕರಿದ ಮೀನು ತಿಂದರು, ಹಾಲಿನ ಹೊತ್ತಿಗೆ ಮನೆ ಸೇರಿದರು. ಸುದ್ದಿ ಕೇಳಿ ಪ್ರೋಗ್ರಾಮಣ್ಣನಿಗೆ ನಿಜವಾಗಿ ನೋವಾಯಿತು. "ಪ್ಲಾನಿಲ್ಲ, ಲಿಸ್ಟಿಲ್ಲ, ಹಂಗೇ ಎದ್ದು ಹೋಗ್ಬುಡೋದಾ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?" ಎಂದು ಗದರಿಸಿದ. ಆ ನಾಲ್ವರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿದ. ಸಂಜೆ ಮನಸ್ಸು ತಡೆಯದೆ ಮತ್ತೆ ಬರೆದುಕೊಂಡ.

ಆ ಪಟ್ಟಿಯನ್ನು ನಾನು ನೋಡಿದ್ದೇನೆ, ನಾಲ್ಕು ಹಾಳೆಯಿದೆ. ಒಲೆಗೆ ಒಬ್ಬ, ಸೌದೆಗೆ ಒಬ್ಬ, ಮುದ್ದೆ ಕೋಲಿಗೆ ಒಬ್ಬ, ಹಾವು ಬಂದರೆ ಓಡಿಸಲು ಒಬ್ಬ. ನೀವು ದೇವಸ್ಥಾನ ನೋಡಲು ಬಸರಾಳಿಗೆ ಬಂದವರು ಟೀ ಕುಡಿಯಲು ನಿಂತರೆ, ಪಕ್ಕದಲ್ಲಿ ಕೂತವನು ನಿಮ್ಮ ಹೆಸರು, ನಂಬರು ಕೇಳಿ ಈರುಳ್ಳಿ ಹೆಚ್ಚುವ ಕೆಲಸ ನಿಮಗೆ ವಹಿಸುತ್ತಾನೆ. ಒಪ್ಪಿಕೊಳ್ಳಿ, ತೊಂದರೆಯಿಲ್ಲ. ತಲೆಗೆ ಐನೂರರಂತೆ ಅಡ್ವಾನ್ಸು ಕೇಳಿದರೆ ಮಾತ್ರ ಕೊಡಬೇಡಿ.