ದೀಪಕ್ಕೆ ಕಿವಿ ಇಲ್ಲ, ಸ್ವಾಮಿ!

ಕೆಂಪು ದೀಪದಲ್ಲಿ ನನ್ನ ಹಿಂದೆ ನಿಂತು ಹಾರ್ನ್ ಹೊಡೆದ ಬಿಳಿ ಕಾರಿನ ಮಹಾಶಯರಿಗೆ,

ನಿಮ್ಮ ಹೆಸರು ಗೊತ್ತಿಲ್ಲ. ಮುಖವೂ ಸರಿಯಾಗಿ ಕಾಣಲಿಲ್ಲ. ಕನ್ನಡಿಯಲ್ಲಿ ಸಿಕ್ಕಿದ್ದು ಒಂದು ಕಪ್ಪು ಕನ್ನಡಕ, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ, ಸ್ಟಿಯರಿಂಗ್ ಮೇಲೆ ಊರಿದ ನಿಮ್ಮ ಅಂಗೈ. ಧ್ವನಿಯ ಪರಿಚಯ ಮಾತ್ರ ಚೆನ್ನಾಗಿ ಆಯಿತು.

ನಾನು ಆಗಷ್ಟೇ ಒಂದು ಕಚೇರಿಯಿಂದ ಬರುತ್ತಿದ್ದೆ. ಲೈಸೆನ್ಸ್ ನವೀಕರಣ. ಡಾಕ್ಟರ ಸಹಿ ಹಾಕಿಸಿದ ಫಾರಂ, ಹಳೇ ಕಾರ್ಡು, ಅದರ ಜೆರಾಕ್ಸು ಎಲ್ಲ ಹಿಡಿದು ಬೆಳಗ್ಗೆಯಿಂದ ಕೂತವಳಿಗೆ ಊಟದ ಹೊತ್ತಿಗೆ ಸಿಕ್ಕ ಉತ್ತರ: "ಸರ್ವರ್ ಡೌನ್ ಅಮ್ಮಾ, ನಾಳೆ ಬನ್ನಿ." ಹೊಟ್ಟೆ ಹಸಿದಿತ್ತು, ತಲೆ ಕಾದಿತ್ತು. ಸಿಗ್ನಲ್ಲಿನಲ್ಲಿ ಬಂದು ನಿಂತೆ. ಕೆಂಪು ದೀಪದ ಪಕ್ಕ 87 ಅಂತ ಅಂಕಿ. ನೀವು 87ಕ್ಕೇ ಶುರು ಹಚ್ಚಿದಿರಿ. 80ಕ್ಕೆ ಇನ್ನೊಮ್ಮೆ. 71ರಿಂದ ಕೈ ತೆಗೆಯಲೇ ಇಲ್ಲ. ನನ್ನ ಮುಂದೆ ಬಿಎಂಟಿಸಿ ಬಸ್ಸು, ಎಡಕ್ಕೆ ಆಟೊ, ಬಲಕ್ಕೆ ಡಿವೈಡರ್. ನಾನು ಎಲ್ಲಿಗೆ ಹೋಗಬೇಕಿತ್ತು, ಸ್ವಾಮಿ? ಮೇಲಕ್ಕೆ?

ನಿಜ ಹೇಳುತ್ತೇನೆ, ಮೊದಲು ನಿಮ್ಮ ಮೇಲೆ ಭಕ್ತಿಯೇ ಹುಟ್ಟಿತು. ಇಷ್ಟು ನಂಬಿಕೆಯಿಂದ ಒತ್ತುತ್ತಿದ್ದಾರೆ ಎಂದಮೇಲೆ ಇವರ ಹಾರ್ನಿಗೆ ಕೆಂಪನ್ನು ಹಸಿರು ಮಾಡುವ ಶಕ್ತಿ ಇರಲೇಬೇಕು ಅಂದುಕೊಂಡು ದೀಪವನ್ನೇ ನೋಡುತ್ತ ಕೂತೆ. 60 ಆಯಿತು, 50 ಆಯಿತು. ಅದು ತನ್ನ ಪಾಡಿಗೆ ಎಣಿಸುತ್ತಿತ್ತು. ದೀಪಕ್ಕೆ ಕಿವಿ ಇಲ್ಲ. ಕಿವಿ ಇರುವುದು ನಿಮ್ಮ ಗಣಪತಿಗೆ, ಅದೂ ಮೊರದಗಲದ್ದು. ಪಾಪ, ಅವನ ಗತಿ ಏನೋ.

ಹೋದ ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿ ಒಂದು ಶನಿವಾರ ಬೀದಿಯಲ್ಲಿ ಹಾರ್ನೋ ಹಾರ್ನು. ಆಹಾ, ನಮ್ಮೂರು ಬಂತು ಅಂತ ಬಾಲ್ಕನಿಗೆ ಓಡಿದೆ. ನೋಡಿದರೆ ಕಾರುಗಳಿಗೆಲ್ಲ ರಿಬ್ಬನ್ನು, ಹೂವು, ಮದುವೆ ದಿಬ್ಬಣವಂತೆ. ಅದು ಬಿಟ್ಟರೆ ಹಾರ್ನ್ ಕಿವಿಗೆ ಬಿದ್ದದ್ದೇ ಅಪರೂಪ. ಊರೊಳಗೆ ಅಪಾಯ ಎದುರಾದಾಗ ಮಾತ್ರ ಹೊಡೆಯಬಹುದು, ಊರಾಚೆ ಓವರ್‌ಟೇಕ್ ಮಾಡುವೆನೆಂದು ತಿಳಿಸಲೂ ಹೊಡೆಯಬಹುದು ಎಂದು ಅವರ ಕಾನೂನು. ನಾವು ಮಾತ್ರ ವರ್ಷದ ಮುನ್ನೂರ ಅರವತ್ತೈದು ದಿನವೂ ದಿಬ್ಬಣದಲ್ಲೇ ಇದ್ದೇವೆ, ವಧೂವರರಿಲ್ಲ ಅಷ್ಟೆ.

ಹಾಗಂತ ಜರ್ಮನಿಯವರನ್ನು ಅಟ್ಟಕ್ಕೇರಿಸಲು ಬಂದಿಲ್ಲ. ಒಂದು ಗಾಡಿಯೂ ಇಲ್ಲದ ರಸ್ತೆಯ ಮುಂದೆ, ಜಿಟಿಜಿಟಿ ಮಳೆಯಲ್ಲಿ, ನಡೆಯುವವರ ದೀಪ ಕೆಂಪಿದೆ ಅಂತ ಮಿಕಿಮಿಕಿ ನೋಡುತ್ತ ನಿಲ್ಲುತ್ತಾರೆ. ದಾಟಿದರೆ 5 ಯೂರೊ ದಂಡವಂತೆ. ನನಗದು ಈಗಲೂ ಪೆದ್ದುತನವೇ. ಅದೇ ಜನ ಆಟೊಬಾನ್ ಹೆದ್ದಾರಿಯ ಎಷ್ಟೋ ಕಡೆ ವೇಗಮಿತಿಯೇ ಇಲ್ಲದೆ ಹಾರುತ್ತಾರೆ. 130 ಕಿಲೋಮೀಟರ್ ಎಂಬುದು ಅಲ್ಲಿ ಬರೀ ಸಲಹೆ.

ಆದರೆ ಅವರ ಸಿಗ್ನಲ್ಲಿನಲ್ಲೊಂದು ಜಾಣತನವಿದೆ. ಹಸಿರು ಬರುವ ಮುಂಚೆ ಕೆಂಪಿನ ಜೊತೆ ಹಳದಿಯೂ ಒಂದು ಕ್ಷಣ ಹೊತ್ತಿಕೊಳ್ಳುತ್ತದೆ. ಗೇರ್ ಹಾಕಿಕೊಳ್ಳಿ, ಹೊರಡುವ ಹೊತ್ತಾಯಿತು ಅಂತ. ನಮ್ಮಲ್ಲಿ ಆ ಹಳದಿ ದೀಪದ ಕೆಲಸವನ್ನು ನೀವು ವಹಿಸಿಕೊಂಡಿದ್ದೀರಿ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಕ್ಷಣ ಮುಂಚೆ ಮಾಡಿ. ಎಂಬತ್ತೇಳು ಸೆಕೆಂಡ್ ಮುಂಚೆ ಯಾಕೆ?

ಲೈಸೆನ್ಸ್ ಸುದ್ದಿ ಬಂತಲ್ಲ, ಅಳಿಯನ ಕತೆಯನ್ನೂ ಕೇಳಿಬಿಡಿ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವನು. ಜರ್ಮನಿಗೆ ಹೋಗಿ ನೆಲೆಸಿದರೆ ನಮ್ಮ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಮೂವತ್ತು ಪ್ರಶ್ನೆಗಳ ಥಿಯರಿ. ಹತ್ತಕ್ಕಿಂತ ಹೆಚ್ಚು ತಪ್ಪಂಕ ಬಿದ್ದರೆ ಫೇಲು. ಅದಾದ ಮೇಲೆ ರಸ್ತೆಯಲ್ಲಿ ಮುಕ್ಕಾಲು ಗಂಟೆಗೂ ಮೀರಿದ ಪರೀಕ್ಷೆ. ಪರೀಕ್ಷಕ ಹಿಂದಿನ ಸೀಟಿನಲ್ಲಿ, ಡ್ರೈವಿಂಗ್ ಶಾಲೆಯ ಮೇಷ್ಟ್ರು ಪಕ್ಕದಲ್ಲಿ. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಹೆಗಲ ಮೇಲಿಂದ ನೋಡಬೇಕು. ಅಭ್ಯಾಸ ಮಾಡಿ ಮಾಡಿ ಅಳಿಯನ ಕತ್ತಿಗೆ ನಾನು ವೋಲಿನಿ ಹಚ್ಚಿದ್ದೂ ಆಯಿತು. ಕೊನೆಗೆ ಅವನು ಫೇಲಾದದ್ದು ಮನೆಗಳ ನಡುವಿನ ಒಂದು ಪುಟ್ಟ ಕೂಡುರಸ್ತೆಯಲ್ಲಿ. ಸಿಗ್ನಲ್ಲೂ ಇಲ್ಲ, ಬೋರ್ಡೂ ಇಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬಲಗಡೆಯಿಂದ ಒಬ್ಬ ಸೈಕಲ್ ಹುಡುಗಿ ಬಂದಳು. ಇವನು ನಮ್ಮೂರ ಪದ್ಧತಿಯಂತೆ, ಅವಳೇ ನಿಲ್ಲುತ್ತಾಳೆ ಬಿಡು ಅಂತ ನುಗ್ಗಿದ. ಮೇಷ್ಟ್ರು ತನ್ನ ಕಾಲಬುಡದ ಬ್ರೇಕ್ ಒತ್ತಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಈಗ ನನ್ನ ಸಿಟ್ಟಿನ ಕಾರಣ ಕೇಳಿ. ಬಲಗಡೆಯವರಿಗೆ ದಾರಿ ಬಿಡಿ ಎಂಬುದು ನಮ್ಮ ರಸ್ತೆ ನಿಯಮದಲ್ಲೂ ಇದೆ! ಅಗತ್ಯವಿಲ್ಲದೆ ಹಾರ್ನ್ ಹೊಡೆದರೆ 1,000 ರೂಪಾಯಿ, ಮತ್ತೆ ಹೊಡೆದರೆ 2,000 ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ, 194ಎಫ್ ಸೆಕ್ಷನ್ನಿನಲ್ಲಿ, ಅಚ್ಚುಕಟ್ಟಾಗಿ ಬರೆದಿದ್ದಾರೆ. ಅದರ ಹಿಂದಿನ ಸೆಕ್ಷನ್ 194ಇ: ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ. ಪುಸ್ತಕದಲ್ಲಿ ನಮಗೇನು ಕಮ್ಮಿ? ನಮ್ಮಲ್ಲಿ ಪುಸ್ತಕ ಓದಿದ್ದೀರಾ ಅಂತ ಬಾಯಿ ಬಿಟ್ಟು ಕೇಳುವವರಿಲ್ಲ. ಮೈದಾನದಲ್ಲಿ ಒಂದು 8 ಹಾಕಿ, ರಿವರ್ಸ್ ತೋರಿಸಿದರೆ ಹೋಗು ಮಗನೇ, ಊರೆಲ್ಲ ನಿನ್ನದೇ.

ಜರ್ಮನಿಯ ಹೆದ್ದಾರಿಯಲ್ಲಿ ಗಾಡಿಗಳ ವೇಗ ಕುಂದಿ ನಡಿಗೆಗೆ ಇಳಿಯಿತೆಂದರೆ ಸಾಕು, ಆಂಬುಲೆನ್ಸ್ ಕಾಣಿಸುವ ಮುಂಚೆಯೇ ಎಡತುದಿಯ ಲೇನಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ದಾರಿ ಬಿಡಬೇಕು. ನಮ್ಮಲ್ಲಿ ಆಂಬುಲೆನ್ಸ್ ಬಂದರೆ ಅದರ ಸೈರನ್ನಿಗೂ ಹಾರ್ನಿನಲ್ಲೇ ಉತ್ತರ ಕೊಡುತ್ತೀರಿ. ಒಳಗೆ ಮಲಗಿದವರು ಎದ್ದು ಬಂದು ನಿಮಗೆ ಸಾರಿ ಹೇಳಬೇಕೇ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಜರ್ಮನಿಯಲ್ಲಿ 2,788. ನಮ್ಮ ಜನಸಂಖ್ಯೆ ಅವರ ಹದಿನೇಳು ಪಟ್ಟು. ಸಾವು ಅರವತ್ತು ಪಟ್ಟು. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಕಾಣುವುದಿಲ್ಲ. ಅವಸರ ಅವಸರ ಅಂತ ಎಲ್ಲಿಗೆ ಹೋಗುತ್ತೀರಿ ಎಲ್ಲರೂ? ಹಾರ್ನ್ ಒತ್ತುವ ಆ ಕೈಯನ್ನು ಗೇರಿನ ಮೇಲೆ ಇಟ್ಟು, ಆ ಕಣ್ಣನ್ನು ರಸ್ತೆಯ ಮೇಲೆ ಇಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ಕ್ಷಮಿಸಿ, ಧ್ವನಿ ಏರಿತು. ಹಿಂದೆ ನಿಂತವರ ಚಟ ಮುಂದೆ ನಿಂತವರಿಗೂ ಅಂಟುತ್ತದೆ.

ಅಂದು ಕೊನೆಗೂ ಹಸಿರಾಯಿತು. ನೀವು ಎಡದಿಂದ ನುಗ್ಗಿ, ಆಟೊದವನ ಕನ್ನಡಿ ಮಡಚಿ, ನನ್ನನ್ನು ದಾಟಿಹೋದಿರಿ. ಮುಂದಿನ ಸಿಗ್ನಲ್ಲಿನಲ್ಲಿ ನೋಡಿದರೆ ನನ್ನ ಪಕ್ಕದಲ್ಲೇ ಇದ್ದೀರಿ. ಅಲ್ಲಿ 112 ಅಂತ ಇತ್ತು. ನೀವು ಒತ್ತಿದಿರಿ. ಆ ದೀಪಕ್ಕೂ ಕಿವಿ ಇರಲಿಲ್ಲ.

ಇಂತಿ,
ಮುಂದಿನ ಕಾರಿನವಳು

ವಿ.ಸೂ.: ರಾತ್ರಿಯ ಹೈಬೀಮ್, ಫುಟ್‌ಪಾತ್ ಏರುವ ಸ್ಕೂಟರ್, ಒನ್‌ವೇಯಲ್ಲಿ ಎದುರಾಗಿ ಬಂದು ನಮ್ಮನ್ನೇ ಗದರುವವರು — ಇವರ ಬಗ್ಗೆಯೂ ಬರೆಯೋಣ ಅಂತಿದ್ದೆ. ಜಾಗವನ್ನೆಲ್ಲ ನಿಮ್ಮ ಹಾರ್ನೇ ತಿಂದಿತು. ಅಳಿಯ ಮುಂದಿನ ಸಲ ಪಾಸಾದ. ಅಲ್ಲೀಗ ದೇವರಂತೆ ಓಡಿಸುತ್ತಾನೆ, ಸೈಕಲ್ ಕಂಡರೆ ಕೈಮುಗಿಯುವುದೊಂದು ಬಾಕಿ. ಡಿಸೆಂಬರಿನಲ್ಲಿ ಬರುತ್ತಿದ್ದಾನೆ. ಏರ್‌ಪೋರ್ಟಿನಿಂದ ಹೊರಟು ಹೆಬ್ಬಾಳ ಫ್ಲೈಓವರ್ ತನಕ ಹಾರ್ನ್ ಮುಟ್ಟದೆ ಬಂದರೆ ದೊಡ್ಡದು. ಹೋದ ಸಲ ಯಲಹಂಕವೂ ಬಂದಿರಲಿಲ್ಲ.