ಹಲ್ಲಿ ಬಿದ್ದ ಫಲ

(ಮಲ್ಪೆಯ ಚಹಾದಂಗಡಿ. ಹೊರಗೆ ಕಡಲು ಕೆರಳಿದೆ.)

"ಮೇಷ್ಟ್ರೇ, 2021ರ ಮೇ ತಿಂಗಳಲ್ಲಿ ನನ್ನ ತೆಂಗಿನಮರ ಕೆಡವಿದ್ದು ಯಾರು?"

"ತೌಕ್ತೆ ಚಂಡಮಾರುತ. ಮ್ಯಾನ್ಮಾರ್ ಕೊಟ್ಟ ಹೆಸರು. ಅರ್ಥ ಹಲ್ಲಿ."

"ಹಲ್ಲಿ ಬಿದ್ದರೆ ಫಲವೇನೆಂದು ಪಂಚಾಂಗದಲ್ಲಿದೆ. ಹಲ್ಲಿಯೇ ಮರ ಬೀಳಿಸಿದರೆ?"

"ಅದಕ್ಕೆ ದಿಲ್ಲಿಯ ಹವಾಮಾನ ಇಲಾಖೆಯ ಪಂಚಾಂಗ ಬೇಕು. 13 ದೇಶ, ತಲಾ 13 ಹೆಸರು, ಒಟ್ಟು 169. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿತೋ, ನಾಮಕರಣ."

"ತೊಟ್ಟಿಲಿಗೆ ಮೊದಲೇ ಹೆಸರು!"

"ನಿಯಮವೂ ಇದೆ. ಇಂಗ್ಲಿಷಿನಲ್ಲಿ ಎಂಟಕ್ಷರ ಮೀರಬಾರದು, ಯಾರ ಭಾವನೆಗೂ ನೋವಾಗಬಾರದು."

"ಹಂಚು ಹಾರಿಸಬಹುದು, ಭಾವನೆ ಮುಟ್ಟಬಾರದು. ಸರಿ."

"ಅದೇ ವರ್ಷ ಪಾಕಿಸ್ತಾನದ ಗುಲಾಬ್ ಪೂರ್ವ ಕರಾವಳಿಗೆ ಬಂತು. ನೆಲ ದಾಟಿ ಅರಬ್ಬಿ ಸಮುದ್ರಕ್ಕಿಳಿದು, ಶಾಹೀನ್ ಎಂದು ಹೆಸರು ಬದಲಿಸಿ ಒಮಾನಿಗೆ ಹೋಯಿತು."

"ವೀಸಾ ಇಲ್ಲದೆ ಗಲ್ಫಿಗೆ! ನಮ್ಮ ಹುಡುಗರಿಗೆ ಈ ದಾರಿ ಗೊತ್ತಿಲ್ಲ."

"ಅಟ್ಲಾಂಟಿಕ್‌ನಲ್ಲಿ ಹೆಸರುಗಳು ಆರು ವರ್ಷಕ್ಕೊಮ್ಮೆ ಮರಳುತ್ತವೆ. ಕತ್ರಿನಾಳಂತೆ ಊರು ಮುಳುಗಿಸಿದರೆ ಮಾತ್ರ ನಿವೃತ್ತಿ."

"ಪಿಂಚಣಿಯೂ ಉಂಟೋ? ನನಗಂತೂ ಮರದ ಪರಿಹಾರವೇ ಬಂದಿಲ್ಲ."

"ಅರ್ಜಿ ಕೊಟ್ಟೆಯಾ?"

"ಕೊಟ್ಟೆ. ಕಾರಣ: ಹಲ್ಲಿ. ಗುಮಾಸ್ತ ಪಶುವೈದ್ಯರ ಕೊಠಡಿ ತೋರಿಸಿದ."